ರೀಬೂಟ್ ಆದ ಮೇಲೂ ನಿಲ್ಲುತ್ತಾ?

"ಸರ್, ಸರ್ಟಿಫಿಕೇಟ್ ಮಾಡಿದ್ರ ನೌಕರಿ ಸಿಗತದೇನ್ರೀ?"

ಕಲಬುರಗಿಯಲ್ಲಿ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಇಳಿದು 14 ವರ್ಷವಾಯಿತು. ಬಿಸಿಎ, ಡಿಪ್ಲೊಮಾ ಮುಗಿಸಿದ ಹುಡುಗರು ತಿಂಗಳಿಗೊಬ್ಬರಾದರೂ, ಕಂಪ್ಯೂಟರ್ ಕಂಪನಿಗಳು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟಿನ ಈ ಪ್ರಶ್ನೆ ಹಿಡಿದು ಬರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ನನ್ನದೇ ಒಂದು ಎಡವಟ್ಟು.

ಆಗ ನಾನು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ. ಊರ ಹೊರಗಿನ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲಿನಕ್ಸ್ ಸರ್ವರ್ ಇತ್ತು. ತೂಕದ ಚೀಟಿ, ಬಿಲ್ಲುಗಳ ಸ್ಕ್ಯಾನ್ ಎಲ್ಲ ಅದರ ಒಂದು ಫೋಲ್ಡರಿನಲ್ಲಿ. ಜಾಗ ತುಂಬಿತು ಅಂತ ಹೊಸ ಡಿಸ್ಕ್ ಹಾಕಿದೆ, ಫೈಲುಗಳನ್ನು ಅದಕ್ಕೆ ಸಾಗಿಸಿದೆ, ಆ ಫೋಲ್ಡರಿನ ಜಾಗಕ್ಕೇ ಅದನ್ನು ಮೌಂಟ್ ಮಾಡಿದೆ, ಅಂದರೆ ಕೂಡಿಸಿದೆ. ಎಲ್ಲ ಸರಿಯಿತ್ತು. ಚಹಾ ಕುಡಿದು ಮನೆಗೆ ಬಂದೆ. ಎಫ್‌ಸ್ಟ್ಯಾಬ್ ಅನ್ನೋ ಫೈಲಿನಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ, ಮಿಷಿನ್ ಆಫ್ ಆಗಿ ಆನ್ ಆದಾಗಲೂ ಆ ಡಿಸ್ಕ್ ತಾನಾಗೇ ಕೂಡಿಕೊಳ್ಳುತ್ತಿತ್ತು. ಬರೆದಿರಲಿಲ್ಲ.

ಮೇ ತಿಂಗಳು. ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಮುಗಿಯಿತು. ಮತ್ತೆ ಚಾಲೂ ಆದಾಗ ಫೋಲ್ಡರ್ ಖಾಲಿ. ಅಲ್ಲಿನ ಹುಡುಗ ಪಾಪ, ಅದರೊಳಗೇ ಹೊಸದಾಗಿ ಫೋಲ್ಡರ್ ಮಾಡಿಕೊಂಡು ಎರಡು ದಿನ ಚೀಟಿ ತುಂಬಿದ್ದಾನೆ. ಮೂರನೇ ದಿನ ಮುನೀಮರ ಫೋನು: "ಸರ್ರ, ಹಳೀ ಲೆಕ್ಕ ಒಂದೂ ಕಾಣವಲ್ದ್ರೀ." ಓಡಿ ಹೋಗಿ ಡಿಸ್ಕ್ ಮೌಂಟ್ ಮಾಡಿದೆ. ಹಳೆಯವೆಲ್ಲ ಬಂದವು. ನಾನು ಮನೆ ಮುಟ್ಟುವುದರೊಳಗೆ ಮತ್ತೆ ಫೋನು. ಈಗ ಎರಡು ದಿನದ ಹೊಸ ಚೀಟಿಗಳು ಮಾಯ! ಅವು ಎಲ್ಲೂ ಹೋಗಿರಲಿಲ್ಲ. ಹಳೇ ಡಿಸ್ಕಿನಲ್ಲೇ ಇದ್ದವು, ಅವುಗಳ ಮೇಲೆ ಹೊಸ ಡಿಸ್ಕ್ ಚಾದರ ಹೊದಿಸಿದಂತೆ ಕೂತಿತ್ತು. ಚಾದರ ತೆಗೆದು ಫೈಲು ಎತ್ತಿಕೊಂಡೆ. ಮುನೀಮರ ಮುಖ ಇವತ್ತಿಗೂ ನೆನಪಿದೆ.

ಮರುವರ್ಷ ಆರ್‌ಎಚ್‌ಸಿಎಸ್‌ಎ ಅನ್ನೋ, ಲಿನಕ್ಸ್ ಸರ್ವರ್ ನೋಡಿಕೊಳ್ಳುವವರ ಪರೀಕ್ಷೆಗೆ ಹೈದರಾಬಾದಿಗೆ ಹೋದೆ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ. ರೆಡ್ ಹ್ಯಾಟ್ ಕಂಪನಿಯ ಈ ಪರೀಕ್ಷೆಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ. 3 ಗಂಟೆ, ಎದುರಿಗೆ ನಿಜವಾದ ಸಿಸ್ಟಮ್, ಮಾಡಬೇಕಾದ ಕೆಲಸಗಳು. ಇಂಟರ್ನೆಟ್ ಇಲ್ಲ, ಸಿಸ್ಟಮ್ ಒಳಗೇ ಇರುವ ಮ್ಯಾನ್ ಪೇಜು, ಅಂದರೆ ಕಮಾಂಡುಗಳ ಕೈಪಿಡಿಯಂಥ ದಾಖಲೆಗಳನ್ನು ಮಾತ್ರ ನೋಡಬಹುದು. 300ಕ್ಕೆ 210 ಬಂದರೆ ಪಾಸು. ಒಂದು ಷರತ್ತು ಓದಿ ನನಗೆ ನಗು ಬಂತು: ಮಿಷಿನ್ ರೀಬೂಟ್ ಮಾಡಿಯೇ ಅಂಕ ಹಾಕುತ್ತಾರೆ. ರೀಬೂಟ್ ಆದ ಮೇಲೆ ನಿಲ್ಲದ ಕೆಲಸಕ್ಕೆ ಅಂಕವಿಲ್ಲ. ತಯಾರಿಯ ಆರು ತಿಂಗಳಲ್ಲಿ ಎಷ್ಟು ಸಲ ರೀಬೂಟ್ ಮಾಡಿದೆನೋ, ಲೆಕ್ಕವಿಲ್ಲ. ಕೈಗೆ ಹತ್ತಿದ ಆ ಚಾಳಿ ಇನ್ನೂ ಬಿಟ್ಟಿಲ್ಲ. ಸರ್ಟಿಫಿಕೇಟಿನಿಂದ ನನಗೆ ಸಿಕ್ಕಿದ್ದರಲ್ಲಿ ದೊಡ್ಡದು ಇದೇ.

ನೌಕರಿಯ ಮಾತು? ನಮ್ಮ ಭಾಗದ ಕಾಲೇಜಿನ ಹೆಸರು ಬೆಂಗಳೂರಿನ ಎಚ್‌ಆರ್‌ಗೆ ಗೊತ್ತಿರುವುದಿಲ್ಲ. ಆರ್‌ಎಚ್‌ಸಿಎಸ್‌ಎ, ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಪರೀಕ್ಷೆ) ಅಂದರೆ ಗೊತ್ತಿರುತ್ತದೆ. ವಶೀಲಿ ಇಲ್ಲದ ಹುಡುಗನ ಅರ್ಜಿ ರಾಶಿಯಿಂದ ಮೇಲೆ ಬರುವುದು ಆ ಒಂದು ಸಾಲಿನಿಂದ. ಅದು ಸಣ್ಣ ಲಾಭ ಅಲ್ಲ. ಆದರೆ ಬಾಗಿಲು ತೆರೆಯುವ ತನಕ ಮಾತ್ರ ಅದರ ಆಟ.

ಹೋದ ವರ್ಷ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು. ಲ್ಯಾಪ್‌ಟಾಪ್ ಮುಂದಿಟ್ಟೆ. ವೆಬ್ ಪೇಜ್ ತೆರೆದರೆ 403 ಎರರ್, ಅಂದರೆ ನೋಡಲು ಅನುಮತಿ ಇಲ್ಲ. ಮೊದಲನೆಯವನ ಬಳಿ ಸರ್ಟಿಫಿಕೇಟ್ ಇತ್ತು. ಬಂದವನೇ ಫೈಲಿಗೆ 777 ಪರ್ಮಿಷನ್, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟ, ಆಗಲಿಲ್ಲ. ಎಸ್‌ಇಲಿನಕ್ಸ್ ಅನ್ನೋ ಲಿನಕ್ಸಿನ ಭದ್ರತಾ ಕಾವಲನ್ನೇ ಆಫ್ ಮಾಡಿದ, ಪೇಜ್ ಬಂತು, ಗೆದ್ದವನಂತೆ ನೋಡಿದ. ಮನೆಗೆ ಕಳ್ಳ ಬರದಿರಲಿ ಅಂತ ಹಾಕಿದ ಬೀಗವನ್ನೇ ಕಿತ್ತು, ಬಾಗಿಲು ತೆರೀತು ಅಂದ ಹಾಗೆ. ಕೆದಕಿದಾಗ ಗೊತ್ತಾಯಿತು, ಸುಮ್ನೆ ಡಂಪ್ಸ್, ಅಂದರೆ ಸೋರಿಬಂದ ಪ್ರಶ್ನೋತ್ತರ ಉರು ಹೊಡೆದು ಪಾಸಾಗಿದ್ದ. ಎರಡನೆಯವನು ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದವನು, ಯಾವ ಕಾಗದವೂ ಇಲ್ಲ. ಅವನು ಮೊದಲು ಲಾಗ್, ಅಂದರೆ ಸಿಸ್ಟಮ್ ಬರೆದಿಟ್ಟ ದಾಖಲೆ ಓದಿದ. ಆ ಕಾವಲು ನೋಡುವ ಫೈಲಿನ ಲೇಬಲ್ ತಪ್ಪಿದೆ ಅಂತ ಹಿಡಿದ, ಅದನ್ನು ಸರಿಪಡಿಸುವ ಕಮಾಂಡ್ ರಿಸ್ಟೋರ್‌ಕಾನ್ ಕೊಟ್ಟ, ಮುಗೀತು. ಕೆಲಸ ಅವನಿಗೇ ಕೊಟ್ಟೆ. ಪರೀಕ್ಷೆಗೂ ಕಟ್ಟು ಅಂದೆ. ಅವನು ನನ್ನ ಹತ್ತಿರವೇ ಜೀವನಪೂರ್ತಿ ಇರುವುದಿಲ್ಲವಲ್ಲ.

ಆರ್‌ಎಚ್‌ಸಿಎಸ್‌ಎ ಶುಲ್ಕ ಐದಂಕಿಯದು. 3 ವರ್ಷಕ್ಕೆ ಅವಧಿ ಮುಗಿಯುತ್ತದೆ, ಸಿಸಿಎನ್‌ಎ ಕೂಡ ಅಷ್ಟೇ. ಹಾಗಾಗಿ ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು 8 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪ್ ಹುಡುಕಿ. ವರ್ಚುವಲ್‌ಬಾಕ್ಸಿನಲ್ಲಿ (ಒಂದು ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಎರಡು ಮಿಷಿನ್ ಮಾಡಿ, ರೆಡ್ ಹ್ಯಾಟಿನದನ್ನೇ ಹೋಲುವ ರಾಕಿ ಅಥವಾ ಆಲ್ಮಾ ಲಿನಕ್ಸ್ ಹಾಕಿ. ಎರಡೂ ಪುಕ್ಕಟೆ. ದಿನಾ ಒಂದು ಕೆಡಿಸಿ, ಒಂದು ಸರಿ ಮಾಡಿ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಪರೀಕ್ಷೆಯನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯುತ್ತಾನಂತೆ. ತಾರೀಖು ಕೇಳಿದೆ. ಮೇ ತಿಂಗಳು.

"ಕರೆಂಟ್ ಹೋದ್ರ?"

"ಇನ್ವರ್ಟರ್ ಅದ ರೀ ಸರ್."

"ರೌಟರ್ ಅದಕ್ಕ ಹಚ್ಚೀಯೇನಪಾ?"

ಅವನು ಫೋನ್ ತೆಗೆದು ಮನೆಗೆ ಹಚ್ಚಿದ.