ನೆಟೆ ತಡೆದ ತೊಗರಿ ಗೊಡ್ಡಾಗುವುದೇಕೆ?

ಆಳಂದ, ಅಫಜಲಪುರ, ಚಿತ್ತಾಪುರ ಕಡೆ ತೊಗರಿಯಲ್ಲಿ ‘ರೋಗ ನಿರೋಧಕ ಬೀಜ’ ಎಂದರೆ ಹೆಚ್ಚಾಗಿ ಗಿಡ ಸೊರಗಿ ಒಣಗುವ ನೆಟೆ ರೋಗ ತಡೆಯುವ ಬೀಜ ಎಂದೇ ಅರ್ಥ. ಗಿಡ ಹೂ-ಕಾಯಿ ಬಿಡದಂತಾಗುವ ಗೊಡ್ಡು ರೋಗದ ಲೆಕ್ಕ ಬೇರೆ. ನೆಟೆ ಬರುವುದು ಮಣ್ಣಿನ ಶಿಲೀಂಧ್ರದಿಂದ, ಗೊಡ್ಡು ಬರುವುದು ನುಸಿ ಎಂಬ ಅತಿ ಸಣ್ಣ ಜೀವಿ ಹೊತ್ತು ತರುವ ವೈರಸ್‌ನಿಂದ. ಇವನ್ನು ತಡೆಯುವ ವಂಶವಾಹಿಗಳೂ ಬೇರೆ ಬೇರೆ. ಮಾರುತಿ (ಐಸಿಪಿ 8863) ಎಂಬ ತಳಿ ನೆಟೆಗೆ ಗಟ್ಟಿ. ಗೊಡ್ಡು ರೋಗಕ್ಕೆ ಮಾತ್ರ ಎಷ್ಟು ಬೇಗ ತುತ್ತಾಗುತ್ತದೆಂದರೆ, ತಳಿ ಪರೀಕ್ಷೆಯ ತಾಕುಗಳಲ್ಲಿ ರೋಗದ ಒತ್ತಡ ಸಾಕಷ್ಟಿದೆಯೇ ಎಂದು ತಿಳಿಯಲು ಅದನ್ನೇ ನಡುವೆ ಬಿತ್ತುತ್ತಾರೆ. ಬೀದರ್ ಕಡೆ ಬಿತ್ತುವ ಬಿಎಸ್ಎಂಆರ್-736 ಎರಡನ್ನೂ ತಡೆಯಲೆಂದೇ ಬಂದ ತಳಿ.

ಗೊಡ್ಡು ರೋಗದ ತೀವ್ರತೆಯೂ ತಳಿಯ ಗುಣವೇ. ಒಂದು ತಳಿಯಲ್ಲಿ ಎಲೆ ಚಿಕ್ಕದಾಗಿ, ತಿಳಿಹಳದಿ ಮಚ್ಚೆ ತುಂಬಿ, ಹೂವೇ ಬಿಡದೆ ಗಿಡ ಪೊದೆಯಾಗುತ್ತದೆ. ಇನ್ನೊಂದರಲ್ಲಿ ಕೆಲವು ಕೊಂಬೆಗಳಷ್ಟೇ ಗೊಡ್ಡು. ಐಸಿಪಿ 2376ರಂಥವುಗಳಲ್ಲಿ ಎಲೆ ಮೇಲೆ ಉಂಗುರದ ಮಚ್ಚೆ ಕಾಣಿಸಿ, ಬಲಿತಂತೆ ಮಾಸಿಹೋಗುತ್ತದೆ, ಕಾಯಿಗೆ ಹೇಳಿಕೊಳ್ಳುವಂಥ ಕುತ್ತಿಲ್ಲ. ವೈರಸ್‌ನ ಬಗೆಯೂ ಲೆಕ್ಕಕ್ಕೆ ಬರುತ್ತದೆ: ಹೈದರಾಬಾದ್ ಬಳಿಯ ಪಟಂಚೇರುವಿನ ಬಗೆ ಸೌಮ್ಯ, ಬೆಂಗಳೂರಿನದು ಉಗ್ರ. ಪಟಂಚೇರುವಿನಲ್ಲಿ ಗೆದ್ದ ಅನೇಕ ತಳಿಗಳು ಬೆಂಗಳೂರಿನಲ್ಲಿ ಸೋತಿವೆ. ಐಸಿಪಿ 7035 ತಳಿ ಎರಡೂ ಬಗೆಯನ್ನು ತಾಳಿಕೊಂಡಿದೆ. ನುಸಿ ಅದರ ಮೇಲೆ ಹೆಚ್ಚು ಬೆಳೆಯುವುದೂ ಇಲ್ಲ.

ಮನೆಯಲ್ಲೇ ಉಳಿಸಿಕೊಂಡ ಬೀಜದಲ್ಲಿ ಪೆಟ್ಟು ಬೀಳುವುದು ಬೇರೆ ದಾರಿಯಿಂದ. ಹಲವು ಸಂಕರಣಗಳಲ್ಲಿ ಗೊಡ್ಡು ನಿರೋಧಕತೆ ಅಪ್ರಬಲ ಗುಣ, ರೋಗಕ್ಕೆ ತುತ್ತಾಗುವುದೇ ಪ್ರಬಲ, ಅಂದರೆ ಎರಡೂ ಬೆರೆತ ಗಿಡದಲ್ಲಿ ಮೇಲುಗೈ ಅದರದೇ. ತೊಗರಿಯಲ್ಲಿ ಜೇನ್ನೊಣದಿಂದ ಪರಕೀಯ ಪರಾಗಸ್ಪರ್ಶ ಸಾಮಾನ್ಯ. ಪಕ್ಕದ ಹೊಲದಲ್ಲಿ ಮಾರುತಿ ಇದ್ದರೆ, ನಿಮ್ಮ ನಿರೋಧಕ ತಳಿಯಲ್ಲಿ ಬೆರಕೆಯಾದ ಕಾಳು ಮುಂದಿನ ವರ್ಷವೇ ರೋಗದ ಗಿಡವಾಗಬಹುದು. ಬೀಜಕ್ಕೆ ಬೇರೆ ತಳಿಯ ತೊಗರಿಯಿಂದ ಕನಿಷ್ಠ 100 ಮೀಟರ್ ಅಂತರವಿರುವ ಹೊಲ ಬೇಕು, ಇಲ್ಲವೇ ಹೊಲದ ನಡುಭಾಗದ ಕಾಯಿಯನ್ನಾದರೂ ಆರಿಸಿ. ಈ ವೈರಸ್ ಬೀಜದಿಂದ ಹರಡುವುದಿಲ್ಲ. ಆದ್ದರಿಂದ ಬೀಜೋಪಚಾರ ಇದಕ್ಕೆ ಮದ್ದಲ್ಲ.

ಬಿತ್ತಿದ 45 ದಿನದೊಳಗೆ ರೋಗ ತಗುಲಿದರೆ ಇಳುವರಿ ಬಹುತೇಕ ಶೂನ್ಯ. ಅಷ್ಟರೊಳಗೆ ವಾರಕ್ಕೊಮ್ಮೆ ಸಾಲು ನೋಡಿ, ರೋಗದ ಗಿಡ ಕಿತ್ತು ಹೂಳಿ. ಬದುವಿನ ಹಳೇ ತೊಗರಿ, ಕಟಾವಾದ ಬುಡದಿಂದ ಬರುವ ಕುಳೆ ಚಿಗುರು ಬಿತ್ತನೆಗೆ ಮೊದಲೇ ಹೋಗಬೇಕು, ನುಸಿ ಬೇಸಿಗೆ ಕಳೆಯುವುದು ಅಲ್ಲೇ. ರೋಗ ಕಂಡ ಕೂಡಲೇ ಲೀಟರ್ ನೀರಿಗೆ 2.5ರಿಂದ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ, ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಿ. ಅಂಗಡಿಯಲ್ಲಿ ಇಮಿಡಾಕ್ಲೋಪ್ರಿಡ್ ಕೀಟನಾಶಕ ಕೊಟ್ಟರೆ ಬೇಡವೆನ್ನಿ, ನುಸಿ ಅದಕ್ಕೆ ಜಗ್ಗುವುದಿಲ್ಲ.