ಹೌಲೆಂಡನ ವಂಶವೂ ರ್ಯಾಗ್‌ಹಾರ್ನ್ ಎಂಬ ಕಡಸೂ

1620ರಲ್ಲಿ ಇಂಗ್ಲಿಷ್ ವಲಸಿಗರನ್ನು ಅಮೆರಿಕಕ್ಕೆ ಹೊತ್ತೊಯ್ಯುತ್ತಿದ್ದ ಮೇಫ್ಲವರ್ ಹಡಗು ಅಟ್ಲಾಂಟಿಕ್ ದಾಟುವಾಗ ಬಿರುಗಾಳಿಯ ಹೊಡೆತಕ್ಕೆ ಜಾನ್ ಹೌಲೆಂಡ್ ಎಂಬ ಯುವಕ ಸಮುದ್ರಕ್ಕೆ ಬಿದ್ದ. ಹಡಗಿನಾಚೆ ಇಳಿಬಿದ್ದಿದ್ದ ಹಾಯಿಹಗ್ಗವೊಂದು ಕೈಗೆ ಸಿಕ್ಕಿತು. ನೀರಿನಡಿ ಮುಳುಗಿದರೂ ಹಿಡಿತ ಬಿಡಲಿಲ್ಲ. ಮೇಲಿದ್ದವರು ಹಗ್ಗ ಎಳೆದು, ಕೊಕ್ಕೆ ಹಾಕಿ ಮೇಲೆತ್ತಿಕೊಂಡರು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮತ್ತು ಬುಷ್ ತಂದೆ-ಮಗ, ಲೇಖಕ ಎಮರ್ಸನ್, ನಟ ಹಂಫ್ರಿ ಬೋಗಾರ್ಟ್ ಎಲ್ಲರೂ ಈ ಮನುಷ್ಯನ ಸಂತತಿ. ಇಂದು ಬದುಕಿರುವ ಅವನ ವಂಶಸ್ಥರು ಇಪ್ಪತ್ತು ಲಕ್ಷವಿರಬಹುದು ಎಂಬ ಅಂದಾಜೂ ಓಡಾಡುತ್ತದೆ. ಹಗ್ಗದ ಕಥೆಯನ್ನು ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ. ಇವರೆಲ್ಲ ಅವನ ಸಂತತಿಯೇ ಎಂದು ಹೇಗೆ ಗೊತ್ತಾಯಿತು ಎಂಬುದನ್ನು ಹೇಳುವವರು ಕಡಿಮೆ. ನನಗೆ ರುಚಿಸುವುದು ಅದೇ.

ಹೌಲೆಂಡನ ಮದುವೆಗೆ ದಾಖಲೆಯೇ ಇಲ್ಲ. ಅವನ ಹೆಂಡತಿ ಎಲಿಜಬೆತ್, ಆ ಹಡಗಿನವರು ಕಟ್ಟಿದ ಪ್ಲಿಮತ್ ವಸಾಹತಿನ ಮೊದಲ ಗವರ್ನರ್ ಕಾರ್ವರ್‌ನ ಮನೆಮಗಳು ಎಂದು ತಲೆಮಾರುಗಳ ಕಾಲ ಹೇಳಿಕೊಂಡು ಬಂದರು. ಗವರ್ನರನ ರಕ್ತ ಎಂದರೆ ಯಾರಿಗೆ ಬೇಡ? ಇದನ್ನು ಸುಳ್ಳು ಮಾಡಬಲ್ಲ ಕಾಗದ ಒಂದಿತ್ತು. ಮುಂದೆ ಗವರ್ನರನಾದ ವಿಲಿಯಂ ಬ್ರಾಡ್‌ಫರ್ಡ್ ಕೈಯಾರೆ ಬರೆದ ಇತಿಹಾಸದ ಹಸ್ತಪ್ರತಿ ಅದು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗದ್ದಲದಲ್ಲಿ ಬಾಸ್ಟನ್ನಿನಿಂದ ಕಾಣೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಫುಲ್‌ಹ್ಯಾಮ್ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಹಡಗಿನಲ್ಲಿ ಬಂದವರು ಏನಾದರು, ಅವರಿಗೆಷ್ಟು ಮಕ್ಕಳು ಎಂದು ಸುಮಾರು 1650ರಲ್ಲಿ ಬ್ರಾಡ್‌ಫರ್ಡ್ ಲೆಕ್ಕ ಹಾಕಿಟ್ಟಿದ್ದ. ಹೌಲೆಂಡ್ ಮದುವೆಯಾಗಿದ್ದು ಜಾನ್ ಟಿಲ್ಲಿಯ ಮಗಳನ್ನು, ಹತ್ತು ಮಕ್ಕಳು, ಹಿರಿಯ ಮಗಳಿಗೆ ನಾಲ್ಕು, ಎರಡನೆಯವಳಿಗೆ ಒಂದು, ಒಟ್ಟು ಹದಿನೈದು. ಅಲ್ಲಿಗೆ ಗವರ್ನರನ ರಕ್ತದ ಮಾತು ಮುಗಿಯಿತು. ಬೆಡ್‌ಫರ್ಡ್‌ಶೈರಿನ ಹೆನ್ಲೋ ಎಂಬ ಹಳ್ಳಿಯ ಚರ್ಚ್ ಪುಸ್ತಕದಲ್ಲಿ 1607ರ ಆಗಸ್ಟ್ 30ರಂದು ಎಲಿಜಬೆತ್ ಟಿಲ್ಲಿಗೆ ನಾಮಕರಣವಾದದ್ದೂ ಸಿಗುತ್ತದೆ.

ಇದಕ್ಕಿಂತ ಸೊಗಸಾದ ದಾಖಲೆ ಇನ್ನೊಂದಿದೆ. 1627ರ ಮೇ 22ರಂದು ಪ್ಲಿಮತ್ತಿನವರು ಅದುವರೆಗೆ ಒಟ್ಟಾಗಿ ಸಾಕುತ್ತಿದ್ದ ದನಗಳನ್ನೂ ಆಡುಗಳನ್ನೂ ಪಾಲು ಮಾಡಿಕೊಂಡರು. ಹನ್ನೆರಡು ಗುಂಪು, ಒಂದೊಂದರಲ್ಲಿ ಹದಿಮೂರು ಜನ. ಎಳೆ ಮಗುವಿಗೂ ಪಾಲಿತ್ತು, ಹಾಗಾಗಿ ಎಲ್ಲರ ಹೆಸರೂ ಬರೆಯಲೇಬೇಕಾಯಿತು. ನಾಲ್ಕನೆಯ ಪಾಲು ಹೌಲೆಂಡನದು. ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್, ಜತೆಗೆ ಆಲ್ಡನ್ ಕುಟುಂಬ ಮತ್ತು ಇನ್ನಿತರರು. ಅವರ ಪಾಲಿಗೆ ಬಂದದ್ದು ಜೇಕಬ್ ಹಡಗಿನಲ್ಲಿ ಬಂದಿಳಿದ ನಾಲ್ಕು ಕಡಸುಗಳಲ್ಲಿ ಒಂದು. ಅದರ ಹೆಸರು ರ್ಯಾಗ್‌ಹಾರ್ನ್. ನಾನೂರು ವರ್ಷದ ಹಿಂದಿನ ಕಡಸಿನ ಹೆಸರು ಉಳಿದಿದೆ! ಅದರಿಂದಾಗಿ ಆ ದಂಪತಿಗೆ 1627ರ ಹೊತ್ತಿಗೆ ಇಬ್ಬರು ಮಕ್ಕಳಿದ್ದರೆಂಬುದೂ ಉಳಿದಿದೆ. ವಂಶದ ಬಗ್ಗೆ ಜಂಬ ಕೊಚ್ಚಲು ಬರೆದದ್ದನ್ನು ನಾನು ಅನುಮಾನದಿಂದಲೇ ಓದುತ್ತೇನೆ. ದನ ಹಂಚಲು ಬರೆದವನಿಗೆ ಮುನ್ನೂರು ವರ್ಷದಾಚೆಯವರನ್ನು ಮೆಚ್ಚಿಸುವ ಹಂಗಿರಲಿಲ್ಲ.

ಹೌಲೆಂಡನ ಉಯಿಲೂ ಅಂಥದ್ದೇ. ಹೆಣ್ಣುಮಕ್ಕಳನ್ನು ಅವರ ಗಂಡನ ಮನೆಯ ಹೆಸರಿನಿಂದಲೇ ಕರೆದಿದ್ದಾನೆ: ಡಿಸೈರ್ ಗೋರಮ್, ಹೋಪ್ ಚಿಪ್‌ಮನ್, ರೂತ್ ಕುಶ್‌ಮನ್. ಮದುವೆಯಾದೊಡನೆ ಹೆಸರು ಬದಲಾಗಿ ಕಾಗದದಿಂದಲೇ ಮಾಯವಾಗುತ್ತಿದ್ದ ಹೆಣ್ಣುಮಕ್ಕಳ ದಾರಿ ಈ ಒಂದು ಪತ್ರದಿಂದ ತೆರೆದುಕೊಳ್ಳುತ್ತದೆ.

ದಿನಾಂಕಗಳದು ಬೇರೆ ರಗಳೆ. ಹೌಲೆಂಡ್ ಸತ್ತದ್ದು 1672/73ರ ಫೆಬ್ರವರಿ 23 ಎಂದು ಬರೆಯುತ್ತಾರೆ. ಆಗ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಫೆಬ್ರವರಿ ವರ್ಷದ ಕೊನೆಯಲ್ಲಿತ್ತು. ಹಾಗಾಗಿ ಅವರ ಲೆಕ್ಕಕ್ಕೆ ಅದು 1672, ನಮ್ಮ ಲೆಕ್ಕಕ್ಕೆ 1673. 1650ರ ಏಪ್ರಿಲ್‌ನಲ್ಲಿ ಮದುವೆ, 1650ರ ಫೆಬ್ರವರಿಯಲ್ಲಿ ಮಗು ಎಂದು ಕಂಡರೆ ಹುಬ್ಬೇರಿಸಬೇಡಿ. ನಡುವೆ ಹತ್ತು ತಿಂಗಳು ಕಳೆದಿದೆ. ಬ್ರಿಟನ್ ಮತ್ತು ಅದರ ವಸಾಹತುಗಳು ಇದನ್ನು ಸರಿಪಡಿಸಿಕೊಂಡದ್ದು 1752ರಲ್ಲಿ.

ಇಷ್ಟೆಲ್ಲ ಪಾಡು ಏಕೆ, ಎಂಜಲು ಕೊಟ್ಟರೆ ಡಿಎನ್‌ಎ ಹೇಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ನಂಬಿಕೆ ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಅಪ್ಪನ ಕಡೆಯ ಲೆಕ್ಕವನ್ನಷ್ಟೇ ಹಿಡಿಯೋಣ. ಅವನಿಂದ ನಮಗೆ ಲಿಂಗ ನಿರ್ಧರಿಸುವುದನ್ನು ಬಿಟ್ಟು 22 ವರ್ಣತಂತುಗಳು, ಅಂದರೆ ಡಿಎನ್‌ಎಯ ಎಳೆಗಳು, ಬರುತ್ತವೆ. ಒಂದು ತಲೆಮಾರು ಹಿಂದೆ ಹೋದಂತೆಲ್ಲ ಸರಾಸರಿ 33 ಕಡೆ ಕತ್ತರಿ ಬಿದ್ದು ತುಂಡುಗಳ ಸಂಖ್ಯೆ ಅಷ್ಟೇ ಏರುತ್ತದೆ. ಪೂರ್ವಜರ ಸಂಖ್ಯೆಯಾದರೋ ಪ್ರತಿಸಲ ಇಮ್ಮಡಿಯಾಗುತ್ತದೆ. ಹತ್ತು ತಲೆಮಾರು ಹಿಂದೆ ಅಪ್ಪನ ಕಡೆ 512 ಪೂರ್ವಜರು, ತುಂಡುಗಳು ಸುಮಾರು 320. ಹನ್ನೆರಡು ತಲೆಮಾರಿಗೆ 2048 ಪೂರ್ವಜರು, ತುಂಡುಗಳು 385ರ ಆಸುಪಾಸು. ಊರಿನ ಜಮೀನು ಪಾಲಾಗುತ್ತಾ ಹೋದರೆ ಎಕರೆ ಗುಂಟೆಯಾಗಿ ಎಲ್ಲರಿಗೂ ಚೂರಾದರೂ ಸಿಗುತ್ತದೆ; ಇಲ್ಲಿ ಹಾಗಲ್ಲ. ತುಂಡು ಬಂದರೆ ಹೆಚ್ಚುಕಡಿಮೆ ಇಡಿಯಾಗಿ ಬರುತ್ತದೆ, ಇಲ್ಲವಾದರೆ ಏನೂ ಇಲ್ಲ. ಹನ್ನೆರಡು ತಲೆಮಾರು ಹಿಂದಿನ ಒಬ್ಬ ಅಜ್ಜನಿಂದ ನಿಮಗೆ ಒಂದು ತುಂಡೂ ಬಂದಿರದ ಸಂಭವ ಐದರಲ್ಲಿ ನಾಲ್ಕರಷ್ಟು. ಹೌಲೆಂಡನಿಗೂ ಇಂದಿನವರಿಗೂ ನಡುವಿನ ದೂರ ಸುಮಾರು ಅಷ್ಟೇ. ಅವನ ಅಪ್ಪಟ ವಂಶಸ್ಥರಲ್ಲಿ ಹೆಚ್ಚಿನವರ ಮೈಯಲ್ಲಿ ಅವನ ಡಿಎನ್‌ಎ ಇಲ್ಲವೇ ಇಲ್ಲ.

ತುಂಡು ಸಿಕ್ಕರೂ ಅದು ಯಾರದೆಂದು ಹೇಳುವುದು ಕಷ್ಟ. 1620ರಿಂದ 1640ರವರೆಗೆ ನ್ಯೂ ಇಂಗ್ಲೆಂಡಿಗೆ ಬಂದವರು ಸುಮಾರು 20,000 ಜನ. ಅವರ ಮಕ್ಕಳು ಮೊಮ್ಮಕ್ಕಳು ತಮ್ಮತಮ್ಮಲ್ಲೇ ಮದುವೆಯಾದರು. ಇಬ್ಬರಲ್ಲಿ ಒಂದೇ ತುಂಡಿದ್ದರೆ ಅದು ಇನ್ಯಾವುದೋ ಸಮಾನ ಪೂರ್ವಜನಿಂದಲೂ ಬಂದಿರಬಹುದು. ಅಪ್ಪನಿಂದ ಮಗನಿಗಷ್ಟೇ ಇಳಿಯುವ ವೈ ವರ್ಣತಂತು ಇಷ್ಟು ಚೂರಾಗುವುದಿಲ್ಲ, ನಿಜ. ಆದರೆ ಜಾನ್‌ನ ತಮ್ಮಂದಿರಾದ ಹೆನ್ರಿ ಮತ್ತು ಆರ್ಥರ್ ಕೂಡ ಮುಂದೆ ಪ್ಲಿಮತ್ತಿಗೆ ಬಂದು ಸಂಸಾರ ಬೆಳೆಸಿದರು. ಮೂವರದೂ ಒಂದೇ ವೈ. ನೀವು ಹೌಲೆಂಡರವರು ಎಂದು ಪರೀಕ್ಷೆ ಹೇಳೀತು. ಅಣ್ಣನ ಕಡೆಯೋ ತಮ್ಮನ ಕಡೆಯೋ ಎಂಬುದಕ್ಕೆ ಮತ್ತೆ ಕಾಗದವೇ ಬೇಕು.

ಕಾಗದ ಕೈಕೊಡುವುದು ಜನ ಅಂದುಕೊಂಡ ಕಡೆಯಲ್ಲ. 1620 ಬಹಳ ಹಿಂದಿನದು, ಅಲ್ಲೇ ಕತ್ತಲೆ ಎಂದುಕೊಳ್ಳುತ್ತಾರೆ. ನಿಜವಾದ ಕತ್ತಲೆ ಇರುವುದು ಈಚೆಗೆ, ಅಮೆರಿಕದ ಸ್ವಾತಂತ್ರ್ಯದ ನಂತರದ ಐದಾರು ದಶಕಗಳಲ್ಲಿ. ಮೊಮ್ಮಕ್ಕಳ ಮೊಮ್ಮಕ್ಕಳು ಆಗ ಹಳೇ ಊರು ಬಿಟ್ಟು ನ್ಯೂಯಾರ್ಕ್, ಓಹಿಯೋ ಕಡೆ ಗುಳೆ ಹೋದರು. ಹೊಸ ನೆಲದಲ್ಲಿ ಜನನ-ಮರಣ ಬರೆದುಕೊಳ್ಳುವವರಿಲ್ಲ. ಜನಗಣತಿ 1790ರಲ್ಲೇ ಶುರುವಾಯಿತು, ಆದರೆ 1840ರವರೆಗೂ ಮನೆಯ ಯಜಮಾನನ ಹೆಸರಷ್ಟೇ ಬರೆದು, ಉಳಿದವರನ್ನು ವಯಸ್ಸಿನ ಖಾನೆಗಳಲ್ಲಿ ಅಂಕಿಯಾಗಿಸಿದರು. ಗುಲಾಮರನ್ನು ಬಿಟ್ಟು ಮನೆಯ ಪ್ರತಿಯೊಬ್ಬರ ಹೆಸರೂ ಬಂದದ್ದು 1850ರಲ್ಲಿ.

ಈ ಕತ್ತಲೆಯಲ್ಲೇ ಗುಸ್ತಾವ್ ಆಂಜೂ ಎಂಬ ಮಹಾಶಯ ಅಂಗಡಿ ತೆರೆದಿದ್ದ. ದುಡ್ಡಿದ್ದ ಅಮೆರಿಕನ್ನರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವನು ವಂಶಾವಳಿ ಹೊಸೆದುಕೊಟ್ಟ. ನಾಲ್ಕು ನಿಜವಾದ ದಾಖಲೆ, ನಡುವೆ ಹುಟ್ಟಿಯೇ ಇಲ್ಲದ ಒಬ್ಬ ತಂದೆ, ಆಮೇಲೆ ಸೀದಾ ಇಂಗ್ಲೆಂಡಿನ ಪ್ರತಿಷ್ಠಿತ ಮನೆತನ. ಅವನ ಸುಳ್ಳುಗಳು ಇಂದಿಗೂ ನಕಲಾಗುತ್ತಲೇ ಇವೆ.

ಪ್ರಾಮಾಣಿಕರಿಗೆ ದಾರಿ ಮತ್ತೆ ಬೇರೆ ಕೆಲಸಕ್ಕೆ ಹುಟ್ಟಿದ ಕಾಗದಗಳೇ. ಸ್ವಾತಂತ್ರ್ಯ ಯುದ್ಧದ ಯೋಧರ ವಿಧವೆಯರಿಗೆ ಪಿಂಚಣಿ ಕೊಡುವ ಕಾನೂನು 1836ರಲ್ಲಿ ವಿಸ್ತಾರವಾದಾಗ, ಮದುವೆಗೆ ಪುರಾವೆಯಾಗಿ ಮುದುಕಿಯರು ಮನೆಯ ಬೈಬಲ್ಲಿನಲ್ಲಿ ಹುಟ್ಟು-ಮದುವೆ ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಕಳಿಸಿದರು. ಅಂಥ ಹಾಳೆಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಇದಕ್ಕಿಂತ ಹೆಚ್ಚು ನಾನು ನೆಚ್ಚುವುದು ಸಾಲಗಾರರನ್ನು. ಉಯಿಲು ಬರೆಯದೆ, ಸಾಲ ತೀರಿಸದೆ ಸತ್ತ ಅಜ್ಜನ ಜಮೀನು ಮಾರಬೇಕಾದರೆ ವಾರಸುದಾರರು ಯಾರ್‍ಯಾರು ಎಂದು ನ್ಯಾಯಾಲಯಕ್ಕೆ ತಿಳಿಯಬೇಕಿತ್ತು. ಹಾಗಾಗಿ ದೂರದ ಊರು ಸೇರಿದ ಮಗನೂ, ಮದುವೆಯಾಗಿ ಹೆಸರು ಬದಲಾದ ಮಗಳೂ, ಅವಳ ಗಂಡನೂ ಒಂದೇ ಕಡತದಲ್ಲಿ ಸಿಕ್ಕಿಬೀಳುತ್ತಾರೆ.