ಕೆಥೆಡ್ರಲ್ ಅಂದರೆ ಕುರ್ಚಿ

ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿರುವ ಸೇಂಟ್ ಜೈಲ್ಸ್ ಚರ್ಚಿನ ಫೋಟೊ, ಅದರ ಕೆಳಗೆ 'ಮಧ್ಯಯುಗದ ಭವ್ಯ ಕೆಥೆಡ್ರಲ್' ಅನ್ನುವ ಸಾಲು. ಈ ತಿಂಗಳು ನನ್ನ ಕಣ್ಣಿಗೆ ಬಿದ್ದದ್ದು ಇದು ಮೂರನೇ ಸಲ. ಕಟ್ಟಡ ಮಧ್ಯಯುಗದ್ದು, ಒಪ್ಪಿದೆ. ಭವ್ಯ ಅನ್ನುವುದನ್ನೂ ಒಪ್ಪಿದೆ. ಆದರೆ ಮಧ್ಯಯುಗದಲ್ಲಿ ಅದು ಕೆಥೆಡ್ರಲ್ ಆಗಿರಲೇ ಇಲ್ಲ. ಪ್ಯಾರಿಷ್ ಚರ್ಚ್, ಅಂದರೆ ಊರಿನವರ ಮಾಮೂಲಿ ಚರ್ಚ್ ಆಗಿತ್ತು.

ಚರ್ಚ್ ಸ್ವಲ್ಪ ದೊಡ್ಡದಾಗಿ ಕಂಡರೆ ಸಾಕು, ಕೆಥೆಡ್ರಲ್ ಅಂದುಬಿಡುತ್ತೇವೆ. ಈ ಪದಕ್ಕೆ ಗಾತ್ರದ ಹಂಗಿಲ್ಲ. ಗ್ರೀಕ್‌ನಲ್ಲಿ 'ಕಥೆಡ್ರ' ಅಂದರೆ ಆಸನ. 'ಕತಾ' ಅಂದರೆ ಕೆಳಗೆ, 'ಹೆಡ್ರ' ಅಂದರೆ ಕೂರುವ ಜಾಗ. ಲ್ಯಾಟಿನ್‌ಗೆ ಬಂದ ಮೇಲೆ ಬಿಷಪ್ ಕೂರುವ ಕುರ್ಚಿಗೂ ಅದೇ ಹೆಸರಾಯಿತು. ಆ ಕುರ್ಚಿ ಇಟ್ಟಿರುವ ಚರ್ಚೇ ಕೆಥೆಡ್ರಲ್. ಅದೇ 'ಕಥೆಡ್ರ' ಫ್ರೆಂಚರ ಬಾಯಲ್ಲಿ ಸವೆದು ಸವೆದು ಇಂಗ್ಲಿಷಿನ 'ಚೇರ್' ಆಯಿತು. ನಮ್ಮ ಮದುವೆ ಮನೆಯ ಪ್ಲಾಸ್ಟಿಕ್ ಚೇರಿಗೂ ಕೆಥೆಡ್ರಲ್ಲಿಗೂ ಮುತ್ತಜ್ಜಿ ಒಬ್ಬಳೇ. ಕನ್ನಡದವರಿಗಂತೂ ಇದು ಕಷ್ಟವಾಗಬಾರದು. ಪೀಠ ಅಂದರೆ ಕೂರುವ ಆಸನವೂ ಹೌದು, ಮಠದ ಅಧಿಕಾರವೂ ಹೌದು. 'ಕುರ್ಚಿ ಕಿತ್ತಾಟ' ಅಂದಾಗ ಯಾರೂ ಬಡಗಿಯನ್ನು ನೆನೆಯುವುದಿಲ್ಲ, ಅಲ್ವಾ?

ಕುರ್ಚಿ ಎದ್ದು ಹೊರಟರೆ ಕೆಥೆಡ್ರಲ್ಲೂ ಹೊರಟಂತೆ. ಉತ್ತರ ಸ್ಕಾಟ್ಲೆಂಡಿನ ಮರ್ರೆ ಧರ್ಮಪ್ರಾಂತ್ಯವನ್ನೇ ನೋಡಿ (ಧರ್ಮಪ್ರಾಂತ್ಯ ಅಂದರೆ ಒಬ್ಬ ಬಿಷಪ್ಪರ ಸುಪರ್ದಿಯ ಸೀಮೆ). 12ನೇ ಶತಮಾನದಲ್ಲಿ ಅಲ್ಲಿನ ಬಿಷಪ್‌ಗೆ ಗೊತ್ತಾದ ಒಂದು ಜಾಗವೇ ಇರಲಿಲ್ಲ. ಬರ್ನಿ, ಕಿನೆಡರ್, ಸ್ಪೈನಿ ಅಂತ ಸುತ್ತುತ್ತಿದ್ದರು. ಆಮೇಲೆ ಬಿಷಪ್ ಬ್ರೈಸ್ ಸ್ಪೈನಿಯಲ್ಲಿ ನೆಲೆ ನಿಂತು, ಇಂಗ್ಲೆಂಡಿನ ಲಿಂಕನ್ ಕೆಥೆಡ್ರಲ್ಲಿನ ಮಾದರಿಯಲ್ಲಿ ಎಂಟು ಕ್ಯಾನನ್‌ಗಳ, ಅಂದರೆ ಕೆಥೆಡ್ರಲ್ ನಡೆಸುವ ಪಾದ್ರಿಗಳ, ಮಂಡಳಿ ಕಟ್ಟಿದರು. 1224ರಲ್ಲಿ ಪೀಠ ಅಲ್ಲೇ ಹತ್ತಿರದ ಎಲ್ಗಿನ್‌ಗೆ ಹೋಯಿತು. ತಮಾಷೆ ಏನೆಂದರೆ ಬಿಷಪ್ಪರ ಅರಮನೆ ಸ್ಪೈನಿಯಲ್ಲೇ ಉಳಿಯಿತು. ಮನೆ ಒಂದು ಕಡೆ, ಪೀಠ ಇನ್ನೊಂದು ಕಡೆ. ಬರ್ನಿಯ ಚರ್ಚ್ ಇವತ್ತಿಗೂ ನಿಂತಿದೆ. ಪುಟ್ಟ ಹಳ್ಳಿ ಚರ್ಚ್. ಆದರೂ ಒಂದು ಕಾಲಕ್ಕೆ ಅದು ಕೆಥೆಡ್ರಲ್. ಎಡಿನ್‌ಬರೊದ ಅಷ್ಟು ದೊಡ್ಡ ಸೇಂಟ್ ಜೈಲ್ಸ್‌ಗೆ ಆಗ ಇಲ್ಲದ ಭಾಗ್ಯ ಇದಕ್ಕಿತ್ತು.

ಪೀಠದ ಕೆಳಗಿನ ಏರ್ಪಾಡು ತಾಲೂಕು, ಹೋಬಳಿಯ ಲೆಕ್ಕದಂತೆಯೇ. ಬಿಷಪ್, ಅವರ ಕೆಳಗೆ ಒಬ್ಬರೋ ಇಬ್ಬರೋ ಆರ್ಚ್‌ಡೀಕನ್, ಅವರ ಕೆಳಗೆ ಡೀನರಿಗಳು, ಕೊನೆಗೆ ಪ್ಯಾರಿಷ್‌ಗಳು. ಮರ್ರೆಯಲ್ಲಿ ಡೀನರಿ ನಾಲ್ಕು: ಎಲ್ಗಿನ್, ಇನ್ವರ್ನೆಸ್, ಸ್ಟ್ರಾತ್‌ಸ್ಪೇ, ಸ್ಟ್ರಾತ್‌ಬೋಗಿ. ಪ್ಯಾರಿಷ್‌ನವರು ತಮ್ಮ ಬೆಳೆಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಕೊಡಬೇಕಿತ್ತು. ಅದಕ್ಕೆ ಅಲ್ಲಿ 'ಟೀಂಡ್' ಅನ್ನುತ್ತಿದ್ದರು. ಇದರಲ್ಲಿ ಬಹುಪಾಲು ದೂರದ ಕೆಥೆಡ್ರಲ್ಲಿನ ಕ್ಯಾನನ್‌ಗೋ ಯಾವುದೋ ಮಠಕ್ಕೋ ಹೋಗುತ್ತಿತ್ತು. ಹಳ್ಳಿಯಲ್ಲಿ ನಿಜವಾಗಿ ದುಡಿಯುವ ಪಾದ್ರಿಗೆ, ಅಂದರೆ ವಿಕರ್‌ಗೆ, ಉಳಿದ ಚೂರು.

ಡೀನ್ ಅನ್ನುವ ಪದದಲ್ಲೂ ಜನ ಎಡವುತ್ತಾರೆ. ಡೀನರಿ ನೋಡಿಕೊಳ್ಳುವ ಡೀನ್ ಬೇರೆ, ಕೆಥೆಡ್ರಲ್ ಮಂಡಳಿಯ ಮುಖ್ಯಸ್ಥ ಡೀನ್ ಬೇರೆ. ಇನ್ನು ಸ್ಕಾಟ್ಲೆಂಡಿನದೇ ಆದ ಸೇಂಟ್ ಆಂಡ್ರೂಸ್ ಊರಿನ ಕೆಥೆಡ್ರಲ್ಲಿನ ಮಂಡಳಿಯವರೆಲ್ಲ ಅಗಸ್ಟೀನ್ ಪಂಥದ ಮಠದವರು. ಹಾಗಾಗಿ ಅಲ್ಲಿ ಮುಖ್ಯಸ್ಥ ಡೀನ್ ಅಲ್ಲ, ಪ್ರಯರ್.

ಎಡಿನ್‌ಬರೊ ಆಗ ಇದ್ದದ್ದು ಈ ಸೇಂಟ್ ಆಂಡ್ರೂಸ್ ಧರ್ಮಪ್ರಾಂತ್ಯದಲ್ಲೇ, ಫೋರ್ತ್ ಕೊಲ್ಲಿಯ ದಕ್ಷಿಣಕ್ಕೆ, ಲೋಥಿಯನ್ ಆರ್ಚ್‌ಡೀಕನ್ ಸುಪರ್ದಿಯಲ್ಲಿ. ಅದರ ಬಿಷಪ್ ಪೀಠ ಕೊಲ್ಲಿಯ ಆಚೆ, ಸೇಂಟ್ ಆಂಡ್ರೂಸ್ ಊರಿನಲ್ಲಿ. ಸೇಂಟ್ ಜೈಲ್ಸ್‌ಗೆ ಬಿಷಪ್ ಬಂದದ್ದು 1633ರಲ್ಲಿ, ದೊರೆ ಒಂದನೇ ಚಾರ್ಲ್ಸ್ ಎಡಿನ್‌ಬರೊವನ್ನೇ ಬೇರೆ ಧರ್ಮಪ್ರಾಂತ್ಯ ಮಾಡಿದಾಗ. ಐದೇ ವರ್ಷಕ್ಕೆ ಜನ ಬಿಷಪ್‌ಗಳೇ ಬೇಡ ಅಂದರು. 1661ರಲ್ಲಿ ಮತ್ತೆ ಬಂದರು, 1689ರಲ್ಲಿ ಮತ್ತೆ ಹೋದರು. ಈಗ ಅದು ಚರ್ಚ್ ಆಫ್ ಸ್ಕಾಟ್ಲೆಂಡಿನದು. ಅಲ್ಲಿ ಬಿಷಪ್ ಹುದ್ದೆಯೇ ಇಲ್ಲ, ಹೆಸರಿನಲ್ಲಿ ಮಾತ್ರ ಕೆಥೆಡ್ರಲ್ ಅಂಟಿಕೊಂಡಿದೆ. ಇವತ್ತಿನ ಹೆಸರು ಅಂತ 'ಸೇಂಟ್ ಜೈಲ್ಸ್ ಕೆಥೆಡ್ರಲ್' ಎಂದು ಬರೆಯಿರಿ, ನನ್ನ ತಕರಾರಿಲ್ಲ. ಅದರ ಹಿಂದೆ ಸುಮ್ನೆ 'ಮಧ್ಯಯುಗದ' ಅಂತ ಸೇರಿಸಬೇಡಿ. ಮಧ್ಯಯುಗದ ಕೆಥೆಡ್ರಲ್ ಫೋಟೊನೇ ಬೇಕಿದ್ದರೆ ಎಲ್ಗಿನ್‌ನಲ್ಲಿ ಸೂರಿಲ್ಲದೆ ನಿಂತಿರುವುದಿದೆ, ಅದನ್ನು ಹಾಕಿ.